ಕಥೆಯ ಕೊನೆ ಮತ್ತು ವಾಕ್ಸಂಯಮ

ಸತ್ಯಾಣುವ್ರತದ ಅತಿಚಾರಗಳು ಐದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ತಪ್ಪು ದಾರಿಯ ಉಪದೇಶ, ಕಳ್ಳಪತ್ರದ ಬರೆಹ, ಇಟ್ಟ ಒತ್ತೆಯ ಲೆಕ್ಕ ಮರೆತವನಿಗೆ ಕಡಿಮೆ ಒಪ್ಪಿಸಿ ಸುಮ್ಮನಾಗುವುದು, ಈ ಮೂರರಲ್ಲಿ ಅಸತ್ಯವು ಎಲ್ಲಿ ಅಡಗಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದೆರಡು ವಿಚಾರಯೋಗ್ಯವಾದವು. ಏಕಾಂತದಲ್ಲಿ ನಡೆದುದನ್ನು ಹೊರಗೆ ಪ್ರಕಟಿಸುವುದು ರಹೋಭ್ಯಾಖ್ಯಾನ. ಮುಖಚರ್ಯೆ, ಅಂಗಚೇಷ್ಟೆಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ ಅಸೂಯೆಯಿಂದ ಬಯಲು ಮಾಡುವುದು ಸಾಕಾರಮಂತ್ರಭೇದ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವೆರಡನ್ನೂ ಸಂಕ್ಷೇಪವಾಗಿ ವಿವರಿಸಿದ್ದಾರೆ. ಇವುಗಳಲ್ಲಿ ಸುಳ್ಳಿನ ಲೇಶವೂ ಇಲ್ಲ. ಆಡಿದ ಮಾತು ನಿಜವೇ. ಆದರೂ ಅದು ಸತ್ಯವ್ರತಕ್ಕೆ ತಗುಲಿದ ಕಳಂಕವೆಂದು ಆಚಾರ್ಯರು ಎಣಿಸಿದ್ದಾರೆ.

ಅಂಗಡಿಯ ಗದ್ದಿಗೆಯ ಮೇಲೆ ಕುಳಿತವನಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಖಾತೆ ಪುಸ್ತಕದಲ್ಲಿ ಬರೆದುದೆಲ್ಲವೂ ನಿಜ. ಒಬ್ಬ ಗಿರಾಕಿಯ ಬಾಕಿಯನ್ನು ಮತ್ತೊಬ್ಬ ಗಿರಾಕಿಯ ಮುಂದೆ ಓದಿ ಹೇಳುವ ವ್ಯಾಪಾರಿಯನ್ನು ಯಾರೂ ಸತ್ಯವಂತನೆಂದು ಕೊಂಡಾಡುವುದಿಲ್ಲ.

ಈ ಅತಿಚಾರಕ್ಕೆ ಹತ್ತಿರದ, ಅದಕ್ಕಿಂತ ಬಹಳ ಚಿಕ್ಕದಾದ ದೋಷವೊಂದು ಇಂದಿನ ಮನೆಗಳಲ್ಲಿ ದಿನನಿತ್ಯದ ಜಗಳಕ್ಕೆ ಕಾರಣವಾಗಿದೆ. ದೂರದರ್ಶನದ ಧಾರಾವಾಹಿಯನ್ನೋ ಚಲನಚಿತ್ರವನ್ನೋ ಮೊದಲೇ ನೋಡಿದವನು ಇನ್ನೂ ನೋಡದವನ ಮುಂದೆ ಅದರ ಕೊನೆಯನ್ನು ಹೇಳಿಬಿಡುವುದು ಆ ದೋಷ. ಅದಕ್ಕೆ ಸ್ಪಾಯ್ಲರ್ ಎಂಬ ಇಂಗ್ಲಿಷ್ ಹೆಸರು ಈಗ ಕನ್ನಡದ ಮಕ್ಕಳ ಬಾಯಲ್ಲಿಯೂ ಇದೆ. ಇಷ್ಟು ಸಣ್ಣ ವಿಷಯಕ್ಕೆ ಆಚಾರ್ಯರ ಮಾತೇಕೆಂದು ಹಿರಿಯರು ಕೇಳಬಹುದು. ಆದರೆ ಈ ದೋಷಕ್ಕೂ ಅದನ್ನು ತಡೆಯಲು ಜನ ಕಂಡುಕೊಂಡ ಮರ್ಯಾದೆಗಳಿಗೂ ನೂರ ಅರುವತ್ತು ವರ್ಷಗಳನ್ನು ಮೀರಿದ ಇತಿಹಾಸವಿದೆ. ಯಾವ ಸರಕಾರದ ಆಜ್ಞೆಯೂ ಇಲ್ಲದೆ, ಯಾವ ಧರ್ಮಗುರುವಿನ ಉಪದೇಶವೂ ಇಲ್ಲದೆ, ಪರಸ್ಪರ ಮುಖ ಕಾಣದ ಸಾಮಾನ್ಯ ಜನರು ಮಾತಿಗೆ ತಾವೇ ಒಂದು ಕಟ್ಟು ಹಾಕಿಕೊಂಡ ಪ್ರಸಂಗವು ಆ ಇತಿಹಾಸದಲ್ಲಿದೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಪುರಾಣಗಳಿಗೆ ಈ ತೊಂದರೆ ಇರಲಿಲ್ಲ. ಪಂಪ ಮಹಾಕವಿಯು 941ರಲ್ಲಿ ಆದಿಪುರಾಣವನ್ನು ರಚಿಸಿದಾಗ, ಮಹಾಬಲ, ಲಲಿತಾಂಗ, ವಜ್ರಜಂಘ ಮುಂತಾದ ಭವಗಳನ್ನು ದಾಟಿ ಬರುವ ಆ ಜೀವವು ಕೊನೆಗೆ ಪ್ರಥಮ ತೀರ್ಥಂಕರನಾಗುವುದೆಂಬುದನ್ನು ತಿಳಿಯದ ಶ್ರೋತೃ ಒಬ್ಬನೂ ಇದ್ದಿರಲಾರ. ನೀಲಾಂಜನೆಯ ನೃತ್ಯ ಹೇಗೆ ಮುಗಿಯುವುದೆಂದು ಬಲ್ಲವರೇ ಅದನ್ನು ಮತ್ತೆ ಮತ್ತೆ ಕೇಳಿದರು. ಕರಾವಳಿಯ ಬಯಲಾಟದಲ್ಲಿಯೂ ಹಾಗೆಯೇ. ಪ್ರಸಂಗದ ಅಂತ್ಯ ತಿಳಿದಿರುವವರೇ ಬೆಳಗಿನವರೆಗೆ ಕುಳಿತು ನೋಡುತ್ತಾರೆ. ರಮಾನಂದ ಸಾಗರರ ರಾಮಾಯಣ ಧಾರಾವಾಹಿಯು 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರದ ಬೆಳಗುಗಳಲ್ಲಿ ಇಡೀ ದೇಶವನ್ನು ಪೆಟ್ಟಿಗೆಯ ಮುಂದೆ ಕೂರಿಸಿತಷ್ಟೆ. ಅದರ ಕೊನೆಯನ್ನು ಹೇಳಿ ಯಾರ ಸಂತೋಷವನ್ನೂ ಕೆಡಿಸುವುದು ಸಾಧ್ಯವಿರಲಿಲ್ಲ. ಜೈನರ ಮನೆಗಳಲ್ಲಂತೂ ಒಂದಕ್ಕೆ ಎರಡು ಕೊನೆಗಳು ಗೊತ್ತಿದ್ದವು. ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನು ಕೇಳಿ ಬೆಳೆದವರಿಗೆ ರಾವಣನ ವಧೆ ಲಕ್ಷ್ಮಣನ ಕೈಯಿಂದ. ಪರದೆಯ ಮೇಲಿನ ಕೊನೆ ಬೇರೆಯಾಗಿತ್ತು. ಆದರೂ ನೋಡಿದರು.

ಹಾಗಾದರೆ ಕೊನೆಯನ್ನು ಮುಂಚಿತವಾಗಿ ತಿಳಿಯುವುದು ಸ್ವತಃ ಹಾನಿಯಲ್ಲ. ತೊಂದರೆ ಹುಟ್ಟಿದ್ದು ಯಾರೂ ಕೇಳಿರದ ಹೊಸ ಕಥೆಯನ್ನು ತುಂಡು ತುಂಡಾಗಿ ಮಾರುವ ಪದ್ಧತಿ ಬಂದ ಮೇಲೆ. ಒಬ್ಬನ ಕೈಗೆ ತುಂಡು ಇಂದು ಸಿಕ್ಕರೆ ಇನ್ನೊಬ್ಬನಿಗೆ ತಿಂಗಳು ಬಿಟ್ಟು ಸಿಗುವುದು. ಆ ಕಾಲದ ಅಂತರದಲ್ಲಿ ಬಲ್ಲವನು ಮತ್ತು ಅರಿಯದವನು ಎಂಬ ಎರಡು ಪಂಗಡಗಳಾಗುತ್ತವೆ.

ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸನ ಕಾದಂಬರಿಗಳು ಹೀಗೆ ಕಂತುಗಳಲ್ಲಿ ಬಂದವು. 1841ರಲ್ಲಿ ಅವನ ಒಂದು ಕಥೆಯ ಕೊನೆಯ ಕಂತುಗಳನ್ನು ಹೊತ್ತ ಹಡಗು ನ್ಯೂಯಾರ್ಕಿನ ಬಂದರಿಗೆ ಬಂದಾಗ, ದಡದಲ್ಲಿ ನೆರೆದ ಜನ ಕಥೆಯ ಬಾಲಕಿ ಬದುಕಿದ್ದಾಳೆಯೇ ಎಂದು ನಾವಿಕರನ್ನು ಕೂಗಿ ಕೇಳಿದರೆಂಬ ಪ್ರತೀತಿಯಿದೆ. ಅದು ನಡೆದದ್ದೋ ಕಟ್ಟಿದ್ದೋ ಎಂಬಲ್ಲಿ ವಿದ್ವಾಂಸರಿಗೆ ಸಂದೇಹವುಂಟು. ನಾವಿಕರ ಉತ್ತರವನ್ನು ಇಲ್ಲಿ ಬರೆಯುವುದು ಈ ಲೇಖನದ ವಿಷಯಕ್ಕೆ ತಕ್ಕುದಲ್ಲ. ಡಿಕನ್ಸನ ಮಿತ್ರ ವಿಲ್ಕಿ ಕಾಲಿನ್ಸನ 'ದಿ ವುಮನ್ ಇನ್ ವೈಟ್' 1859ರ ನವೆಂಬರಿನಿಂದ 1860ರ ಆಗಸ್ಟಿನವರೆಗೆ ವಾರಪತ್ರಿಕೆಯಲ್ಲಿ ಹರಿದುಬಂದಿತು. ಅದು 1860ರಲ್ಲಿ ಪುಸ್ತಕವಾದಾಗ ಲೇಖಕನು ಮುನ್ನುಡಿಯಲ್ಲಿ ವಿಮರ್ಶಕರಿಗೆ ಒಂದು ಬಿನ್ನಹ ಮಾಡಿಕೊಂಡನು. ಹೊಗಳಲಿ, ತೆಗಳಲಿ, ಕಥೆಯನ್ನು ಎರಡನೆಯ ಬಾರಿ ತಾವು ಹೇಳದೆ ಆ ಕೆಲಸ ಮಾಡಲಾಗದೆ ಎಂಬುದು ಅದರ ತಾತ್ಪರ್ಯ. ಕೊನೆಯನ್ನು ಹೇಳಬೇಡಿರೆಂದು ಲೇಖಕನೇ ಅಚ್ಚಿನಲ್ಲಿ ಕೇಳಿಕೊಂಡ ಹಳೆಯ ನಿದರ್ಶನಗಳಲ್ಲಿ ಇದು ಪ್ರಸಿದ್ಧವಾದುದು. ಕೇಳಿದವನು ಸರಕಿನ ಒಡೆಯನೆಂಬುದನ್ನು ಗಮನಿಸಬೇಕು. ಅವನಿಗೆ ಪುಸ್ತಕ ಮಾರಾಟವಾಗಬೇಕಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಆ ಬಿನ್ನಹ ವಿಮರ್ಶಕರನ್ನು ದಾಟಿ ಸಾಮಾನ್ಯ ಪ್ರೇಕ್ಷಕರನ್ನು ತಲುಪಿತು. 1926ರ 'ದಿ ಬ್ಯಾಟ್' ಎಂಬ ಅಮೆರಿಕದ ಮೂಕಿಚಿತ್ರದ ಆರಂಭದಲ್ಲಿಯೇ ಗುಟ್ಟನ್ನು ಹೊರಗೆ ಹೇಳಬೇಡಿರೆಂಬ ಬರೆಹ ಪರದೆಯ ಮೇಲೆ ಬಂದಿತು. ಆದರೆ ಈ ಪದ್ಧತಿಗೆ ಶಾಶ್ವತವಾದ ಹೆಸರು ತಂದದ್ದು ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕ. ಮೂಲತಃ ಅದು ಮೇರಿ ರಾಣಿಯ 80ನೆಯ ಹುಟ್ಟುಹಬ್ಬಕ್ಕಾಗಿ 1947ರಲ್ಲಿ ಬಿ.ಬಿ.ಸಿ.ಯಲ್ಲಿ ಪ್ರಸಾರವಾದ ಚಿಕ್ಕ ರೇಡಿಯೋ ನಾಟಕ. ಬೆಳೆದು ರಂಗನಾಟಕವಾಗಿ 1952ರ ನವೆಂಬರ್ 25ರಂದು ಲಂಡನ್ನಿನ ಅಂಬಾಸಿಡರ್ಸ್ ರಂಗಮಂದಿರದಲ್ಲಿ ಆರಂಭವಾಯಿತು. 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್ ಮಂದಿರಕ್ಕೆ ಹೋಯಿತು. 2020ರ ಮಾರ್ಚ್ 16ರಂದು ಸಾಂಕ್ರಾಮಿಕದ ದೆಸೆಯಿಂದ ಬಾಗಿಲು ಹಾಕುವವರೆಗೂ ಅದರ ಲಂಡನ್ ಪ್ರದರ್ಶನಗಳ ಸರಣಿ ಮುರಿಯಲಿಲ್ಲ. 2021ರ ಮೇ 17ರಂದು ಮತ್ತೆ ತೆರೆಯಿತು. ಆಟ ಮುಗಿದ ಮೇಲೆ ನಟನೊಬ್ಬನು ಮುಂದೆ ಬಂದು, ಕೊಲೆಗಾರ ಯಾರೆಂಬ ಗುಟ್ಟನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರೆಂದು ಸಭೆಯನ್ನು ಕೇಳಿಕೊಳ್ಳುವುದು ಅಲ್ಲಿಯ ಸಂಪ್ರದಾಯ.

ಈ ನಾಟಕದ ವ್ಯವಹಾರ ಕೂಡ ರಂಜಕವಾದುದೇ. ಲಂಡನ್ನಿನಲ್ಲಿ ಪ್ರದರ್ಶನ ನಿಂತು ಆರು ತಿಂಗಳಾಗುವವರೆಗೆ ಇದನ್ನು ಚಲನಚಿತ್ರ ಮಾಡಕೂಡದೆಂಬ ಕರಾರಿನ ಮೇಲೆ ಚಿತ್ರದ ಹಕ್ಕನ್ನು 1956ರಲ್ಲಿ ಮಾರಲಾಯಿತು. ಕೊಂಡವರಿಗೆ ಆ ಆರು ತಿಂಗಳು ದಶಕಗಳು ಕಳೆದರೂ ಬರಲಿಲ್ಲ. ಕರಾರನ್ನು ಓದದೆ ರುಜು ಹಾಕುವವರಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಚಿತ್ರನಿರ್ಮಾಪಕನನ್ನು ಕಾಗದದ ಮೇಲಿನ ಕರಾರು ಕಟ್ಟಿಹಾಕಿತು. ಟಿಕೆಟ್ಟು ಕೊಂಡ ಪ್ರೇಕ್ಷಕನನ್ನು ಕಟ್ಟಿಹಾಕುವ ಕರಾರು ಯಾವುದೂ ಇರಲಿಲ್ಲ. ಹಣ ತೆತ್ತು, ಆಟ ನೋಡಿ, ಹೊರಬಿದ್ದ ಮೇಲೆ ಅವನ ಬಾಯಿ ಅವನದು. ಬಾಡಿಗೆ ಕಾರಿನವನೊಬ್ಬನು ಇನಾಮು ಕೊಡದ ಪ್ರಯಾಣಿಕನಿಗೆ ಕೊಲೆಗಾರನ ಹೆಸರನ್ನು ಹೇಳಿ ಸೇಡು ತೀರಿಸಿಕೊಂಡನೆಂಬ ಒಂದು ದಂತಕಥೆ ಲಂಡನ್ನಿನಲ್ಲಿದೆ. ದಂತಕಥೆಯಾದರೂ ಅದರಲ್ಲಿ ಮನುಷ್ಯಸ್ವಭಾವದ ನಿಜವಿದೆ. ಸಾಕಾರಮಂತ್ರಭೇದದ ಲಕ್ಷಣದಲ್ಲಿ ಆಚಾರ್ಯರು ಅಸೂಯೆಯನ್ನು ಸೇರಿಸಿದ್ದೇಕೆ ಎಂಬುದು ಇಂಥ ಕಡೆ ಅರ್ಥವಾಗುತ್ತದೆ. ಅದೇ ನಿಜವನ್ನು ಒಬ್ಬ ಪ್ರೀತಿಯಿಂದ ಹೇಳಬಹುದು, ಇನ್ನೊಬ್ಬ ಹೊಡೆಯುವುದಕ್ಕಾಗಿ ಎಸೆಯಬಹುದು.

1955ರ 'ಲೆ ದಿಯಾಬೊಲಿಕ್' ಎಂಬ ಫ್ರೆಂಚ್ ಚಿತ್ರವೂ ಕ್ರಿಸ್ಟಿಯದೇ ಕಥೆಯನ್ನು ಆಧರಿಸಿದ 1957ರ 'ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್' ಚಿತ್ರವೂ ಇದೇ ಬಿನ್ನಹದೊಡನೆ ಮುಗಿದವು. ಆಲ್ಫ್ರೆಡ್ ಹಿಚ್‌ಕಾಕನು ಈ ಬಿನ್ನಹವನ್ನು ಕಟ್ಟಳೆಯ ಮಟ್ಟಕ್ಕೆ ಏರಿಸಿದನು. 1960ರ ಜೂನ್ 16ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ 'ಸೈಕೋ' ಚಿತ್ರಕ್ಕೆ ಆಟ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರದ ಮಾಲೀಕರಿಗೆ ನಿಬಂಧನೆ ಹಾಕಿದನು. ಆ ಕಾಲದ ಅಮೆರಿಕದ ಜನ ಚಿತ್ರದ ನಡುವೆ ಬಂದು ಕುಳಿತು, ಮುಂದಿನ ಆಟದಲ್ಲಿ ತಾವು ಬಿಟ್ಟಿದ್ದ ಭಾಗ ಬಂದಾಗ ಎದ್ದು ಹೋಗುವ ರೂಢಿಯವರು. ಅವರು ಹೊರಗೆ ಸಾಲಾಗಿ ನಿಂತು ಕಾದರು. ಸಾಲು ಕಂಡು ಇನ್ನಷ್ಟು ಜನ ಬಂದರು. ವಿಮರ್ಶಕರಿಗೆ ಮುಂಚಿತವಾದ ಖಾಸಗಿ ಪ್ರದರ್ಶನವನ್ನೂ ಕೊಡಲಿಲ್ಲ, ಅವರು ಜನರೊಡನೆ ಕುಳಿತೇ ನೋಡಬೇಕಾಯಿತು. ಇದನ್ನು ಕಲೆಯ ಗೌರವವೆಂದು ಹೊಗಳುವವರಿದ್ದಾರೆ. ಸರಕನ್ನು ಪರೀಕ್ಷಿಸಲು ಕೊಡದೆ ಮಾರುವ ವ್ಯಾಪಾರವೂ ಇದರೊಳಗೆ ಇತ್ತೆಂಬುದನ್ನು ಮರೆಯಬಾರದು. ಮೌನವನ್ನು ಕೇಳುವವನಿಗೆ ಆ ಮೌನದಿಂದ ಲಾಭವಿರುವಲ್ಲಿ ಕೇಳುವವನ ಮಾತನ್ನು ಸ್ವಲ್ಪ ತೂಗಿ ನೋಡುವುದು ಒಳ್ಳೆಯದು.

ದೂರದರ್ಶನದಲ್ಲಿ ಈ ವ್ಯಾಪಾರ ತುತ್ತತುದಿ ಮುಟ್ಟಿದ್ದು 1980ರಲ್ಲಿ. 'ಡಲ್ಲಾಸ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ ಎಣ್ಣೆ ವ್ಯಾಪಾರಿಯ ಮನೆತನದ ದುಷ್ಟ ಪಾತ್ರವೊಂದಕ್ಕೆ ಮಾರ್ಚ್ 21ರ ಕಂತಿನಲ್ಲಿ ಯಾರೋ ಗುಂಡು ಹಾರಿಸಿದರು. ಯಾರೆಂಬುದು ತಿಳಿದದ್ದು ನವೆಂಬರ್ 21ರಂದು. ನಡುವಿನ ಎಂಟು ತಿಂಗಳಲ್ಲಿ ನಟರ ಮುಷ್ಕರವೂ ಬಂದು ಕಾಯುವಿಕೆ ಇನ್ನೂ ಬೆಳೆಯಿತು. ನಟರಿಂದಲೇ ಗುಟ್ಟು ಸೋರದಿರಲೆಂದು ಬೇರೆ ಬೇರೆ ಪಾತ್ರಗಳ ಕೈಯಲ್ಲಿ ಗುಂಡು ಹಾರಿಸಿ ಚಿತ್ರೀಕರಿಸಿಕೊಂಡಿದ್ದರು. ಹಂತಕನ ಹೆಸರಿನ ಮೇಲೆ ಪಂದ್ಯ ಕಟ್ಟಿಸಿಕೊಳ್ಳುವವರು ಕೂಡ ಅಂಗಡಿ ತೆರೆದರು. ಸಪ್ತವ್ಯಸನಗಳಲ್ಲಿ ಜೂಜಿನ ಹೆಸರೇ ಮೊದಲು ಬರುವುದು ಸುಮ್ಮನೆ ಅಲ್ಲ. ಉತ್ತರ ಬಂದ ರಾತ್ರಿ ಅಮೆರಿಕದಲ್ಲಿ 8 ಕೋಟಿಗೂ ಮಿಕ್ಕ ಜನ ನೋಡಿದರೆಂದು ಅಂದಾಜು. ಬ್ರಿಟನ್ನಿನ ಜನ ಆ ಕಂತನ್ನು ನೋಡಿದ್ದು ಮರುದಿನ. ಆ ಒಂದು ದಿನ ಅಟ್ಲಾಂಟಿಕ್ ಸಾಗರದ ಒಂದು ದಡದಲ್ಲಿ ಎಲ್ಲರೂ ಬಲ್ಲವರು, ಇನ್ನೊಂದು ದಡದಲ್ಲಿ ಎಲ್ಲರೂ ಅರಿಯದವರು. 1841ರ ಬಂದರಿನ ದೃಶ್ಯ ತಲೆಕೆಳಗಾಗಿ ಮರುಕಳಿಸಿದಂತಾಯಿತು.

ಇಲ್ಲಿಯವರೆಗಿನ ಚರಿತ್ರೆಯಲ್ಲಿ ಮೌನವನ್ನು ಬಯಸಿದವರೆಲ್ಲರೂ ಕಥೆಯ ಒಡೆಯರು. ಇನ್ನು ಮುಂದಿನದು ನೋಡುಗರ ಕಥೆ.

ಎರಡು ಯಂತ್ರಗಳು ಅದಕ್ಕೆ ಕಾರಣವಾದವು. ಒಂದು, ಮನೆಯಲ್ಲಿಯೇ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ವಿಡಿಯೋ ಯಂತ್ರ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ವಿ.ಎಚ್.ಎಸ್. ಬಂದ ಮೇಲೆ ಎಲ್ಲರೂ ಒಂದೇ ಗಂಟೆಗೆ ನೋಡಬೇಕೆಂಬ ನಿಯಮ ಸಡಿಲವಾಯಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರ ಜನವರಿ 17ರಂದು ಮನೆಯ ಬಳಕೆಗಾಗಿ ಹೀಗೆ ಮುದ್ರಿಸಿ ಆಮೇಲೆ ನೋಡುವುದು ಅಪರಾಧವಲ್ಲವೆಂದು ತೀರ್ಪಿತ್ತಿತು. ನೋಡುವ ಕಾಲದ ಅಂತರ ಅಂದಿನಿಂದ ಪ್ರತಿ ಮನೆಯ ಸ್ವಂತ ಸೊತ್ತಾಯಿತು. ಇನ್ನೊಂದು ಗಣಕಯಂತ್ರ. ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ರೂಪಿಸಿದ ಯೂಸ್‌ನೆಟ್ ಎಂಬ ವ್ಯವಸ್ಥೆಯಲ್ಲಿ ದೂರದೂರದ ಗಣಕಗಳ ನಡುವೆ ಜನ ಟಿಪ್ಪಣಿಗಳನ್ನು ಕಳುಹಿಸಿ ಚರ್ಚಿಸತೊಡಗಿದರು. ಚರ್ಚೆಯ ವಿಷಯಗಳಲ್ಲಿ ಚಲನಚಿತ್ರ, ಧಾರಾವಾಹಿಗಳಿಗೆ ಕೊರತೆಯಿರಲಿಲ್ಲ. ಮುಖಾಮುಖಿ ಮಾತಿನಲ್ಲಿ ಎದುರಿನವನು ಕೈಯೆತ್ತಿ ತಡೆಯಬಹುದು, ಕಿವಿ ಮುಚ್ಚಿಕೊಳ್ಳಬಹುದು. ಬರೆದು ಕಳುಹಿಸಿದ ಟಿಪ್ಪಣಿಯನ್ನು ಯಾರು ಓದುವರೋ ಬರೆದವನಿಗೆ ತಿಳಿಯದು. ಕಣ್ಣಿಗೆ ಬಿದ್ದ ಕ್ಷಣವೇ ಓದಿಯಾಗಿರುತ್ತದೆ.

ಸ್ಪಾಯ್ಲರ್ ಎಂಬ ಪದಕ್ಕೆ ಈ ಅರ್ಥ ಅದಕ್ಕೆ ಮೊದಲೇ ಬಂದಿತ್ತು. 1971ರ ಏಪ್ರಿಲ್ ತಿಂಗಳ 'ನ್ಯಾಷನಲ್ ಲ್ಯಾಂಪೂನ್' ಎಂಬ ವಿನೋದಪತ್ರಿಕೆಯಲ್ಲಿ ಡಗ್ ಕೆನ್ನಿ ಎಂಬಾತನು ಆ ಶೀರ್ಷಿಕೆಯಲ್ಲಿ ಹೆಸರಾಂತ ಚಿತ್ರಗಳ, ಕಾದಂಬರಿಗಳ ಗುಟ್ಟುಗಳನ್ನೆಲ್ಲ ಸಾಲಾಗಿ ಬಯಲು ಮಾಡಿ ನಕ್ಕಿದ್ದನು. ದೋಷವನ್ನು ಹೆಮ್ಮೆಯಿಂದ ಮಾಡಿದವನು ಇಟ್ಟ ಹೆಸರನ್ನೇ ಆ ದೋಷವನ್ನು ತಡೆಯಬಯಸಿದವರು ಎತ್ತಿಕೊಂಡರು. 1966ರಲ್ಲಿ ದೂರದರ್ಶನದಲ್ಲಿ ಆರಂಭವಾಗಿದ್ದ 'ಸ್ಟಾರ್ ಟ್ರೆಕ್' ಧಾರಾವಾಹಿಗೆ ಅಪಾರ ಅಭಿಮಾನಿಗಳಿದ್ದರು. ಅದರ ಎರಡನೆಯ ಚಲನಚಿತ್ರ 1982ರ ಜೂನ್ 4ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ, ಮೊದಲ ದಿನಗಳಲ್ಲಿಯೇ ನೋಡಿ ಬಂದವರು ಅದರ ಕೊನೆಯ ವಿಷಯ ಚರ್ಚಿಸದೆ ಇರಲಾರದಾದರು. ಆಗ ಒಬ್ಬನು ತನ್ನ ಟಿಪ್ಪಣಿಯ ತಲೆಯಲ್ಲಿಯೇ, ಮುಂದೆ ಗುಟ್ಟು ಇದೆ ಎಂಬ ಎಚ್ಚರಿಕೆಯ ಎರಡು ಇಂಗ್ಲಿಷ್ ಪದಗಳನ್ನು ದೊಡ್ಡಕ್ಷರಗಳಲ್ಲಿ ಬರೆದನು. ಈಗ ಜಗತ್ತೆಲ್ಲ ಬಳಸುವ 'ಸ್ಪಾಯ್ಲರ್ ಅಲರ್ಟ್' ಎಂಬ ಮಾತಿನ ಉಳಿದುಬಂದ ಪ್ರಾಚೀನ ಉದಾಹರಣೆಗಳಲ್ಲಿ ಅದು ಒಂದು.

ಕ್ರಮೇಣ ಇನ್ನೂ ಉಪಾಯಗಳು ಹುಟ್ಟಿದವು. ಆಗಿನ ಗಣಕದ ಪರದೆಯಲ್ಲಿ ಸಾಮಾನ್ಯವಾಗಿ 24 ಸಾಲುಗಳು ಹಿಡಿಯುತ್ತಿದ್ದವು. ಎಚ್ಚರಿಕೆಯ ಮಾತಿನ ಕೆಳಗೆ ಒಂದು ಪರದೆಯಷ್ಟು ಬರಿಯ ಸಾಲುಗಳನ್ನು ಬಿಟ್ಟು, ಆಮೇಲೆ ವಿಷಯವನ್ನು ಬರೆಯುವ ವಾಡಿಕೆ ಬೆಳೆಯಿತು. ಓದುವವನು ಕೈಯಾರೆ ಮುಂದೆ ಸರಿಸಿದರೆ ಮಾತ್ರ ಗುಟ್ಟು ಕಾಣುವುದು. ಮತ್ತೊಂದು ಉಪಾಯ, ಇಂಗ್ಲಿಷಿನ 26 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ಅದರಿಂದ 13ನೆಯ ಅಕ್ಷರವನ್ನು ಇಟ್ಟು ಬರೆಯುವುದು. 13ಕ್ಕೆ 13 ಕೂಡಿದರೆ 26 ಆಗುವುದರಿಂದ ಅದೇ ಕ್ರಿಯೆಯನ್ನು ಇನ್ನೊಮ್ಮೆ ಮಾಡಿದರೆ ಮೂಲಪಾಠ ಬರುತ್ತದೆ. ಒಗಟಿನ ಉತ್ತರಗಳಿಗೂ ಕೆಲವರ ಮನಸ್ಸಿಗೆ ನೋವಾಗಬಹುದಾದ ವಿನೋದಗಳಿಗೂ ಇದನ್ನು ಬಳಸುತ್ತಿದ್ದರು. ಯಾರು ಬೇಕಾದರೂ ಬಿಡಿಸಬಹುದಾದ ಇದನ್ನು ಬೀಗವೆನ್ನಲಾಗದು. ಅಡಿಗೆಮನೆಯಲ್ಲಿ ಪಾತ್ರೆಯ ಮೇಲೆ ಮುಚ್ಚಿದ ತಟ್ಟೆಯಂತೆ. ಬೇಕಾದವನು ತೆರೆಯಲಿ, ಬೇಡವಾದವನ ಕಣ್ಣಿಗೆ ಬೀಳದಿರಲಿ.

ಶಾಸ್ತ್ರದಲ್ಲಿ ವಚನಗುಪ್ತಿ ಬೇರೆ, ಭಾಷಾಸಮಿತಿ ಬೇರೆ. ಗುಪ್ತಿಯೆಂದರೆ ಮಾತನ್ನೇ ತಡೆಹಿಡಿಯುವುದು. ಸಮಿತಿಯೆಂದರೆ ಮಾತಾಡಬೇಕಾದಾಗ ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ, ಎಚ್ಚರದಿಂದ ಆಡುವುದು. ಇವೆರಡೂ ಮುಖ್ಯವಾಗಿ ಮುನಿಗಳಿಗೆ ವಿಧಿಸಿದವು, ಶ್ರಾವಕರಿಗೆ ಅಭ್ಯಾಸಕ್ಕಾಗಿ ಯಥಾಶಕ್ತಿ. ಲಂಡನ್ನಿನ ರಂಗಮಂದಿರವು ಪ್ರೇಕ್ಷಕನಿಂದ ಕೇಳಿದ್ದು ಗುಪ್ತಿಯನ್ನು, ಹೇಳಲೇ ಬೇಡ ಎಂದು. ಗಣಕದ ಮುಂದೆ ಕುಳಿತ ಅಭಿಮಾನಿಗಳು ಕಂಡುಕೊಂಡದ್ದು ಸಮಿತಿಯನ್ನು. ಅವರಿಗೆ ಮಾತಾಡಬೇಕಿತ್ತು, ಮಾತಾಡುವುದೇ ಅವರ ಸಂತೋಷ. ಆ ಸಂತೋಷವನ್ನು ಬಿಡದೆ, ಕೇಳುವವನಿಗೆ ಎದ್ದು ಹೋಗಲು ಬೇಕಾದಷ್ಟು ಜಾಗವನ್ನು ಮಾತಿನ ಮುಂದೆ ಬಿಟ್ಟರು. ಈರ್ಯಾಸಮಿತಿಯಲ್ಲಿ ನಡೆಯುವ ಮುನಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ವಿಧಿಯಿದೆಯಷ್ಟೆ. ಕಾಲಿನ ಕೆಳಗೆ ಯಾವ ಜೀವವಿರುವುದೋ ತಿಳಿಯದೆಂಬುದೇ ಅದರ ಕಾರಣ. ಆ 24 ಬರಿಯ ಸಾಲುಗಳ ಹಿಂದೆ ಅಂಥದೇ ಒಂದು ಎಣಿಕೆಯಿತ್ತು. ಇದನ್ನು ಓದುವವನು ಯಾರೋ, ಅವನು ಇನ್ನೂ ನೋಡಿಲ್ಲವೇನೋ. ಇದರಿಂದ ಅವರಿಗೆ ಬಿಡಿಗಾಸಿನ ಲಾಭವಿರಲಿಲ್ಲ, ಕೆಲವು ನಿಮಿಷಗಳ ಶ್ರಮ ಮಾತ್ರ. ಕಾಲಿನ್ಸನ ಬಿನ್ನಹಕ್ಕೂ ಇದಕ್ಕೂ ಇರುವ ದೂರ ದೊಡ್ಡದು.

ಈ ಮರ್ಯಾದೆಗೆ ನಿಜವಾದ ಆಧಾರವಿದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಎತ್ತಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆಕಾಫ್, ಅಗಾಥಾ ಕ್ರಿಸ್ಟಿ ಮೊದಲಾದವರ 12 ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರಿಗೆ ಕೊನೆಯನ್ನು ಮುಂಚಿತವಾಗಿ ತಿಳಿಸಿದರು. ತಿಳಿದು ಓದಿದವರೇ ಕಥೆಯನ್ನು ಹೆಚ್ಚು ಮೆಚ್ಚಿದ್ದರು. ಆದಿಪುರಾಣದ ಶ್ರೋತೃಗಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ನಡೆಸಿದ ಇನ್ನೊಂದು ಅಧ್ಯಯನ ಇದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟಿತು. ಕೊನೆ ತಿಳಿಯದವರಿಗೆ ಕುತೂಹಲವೂ ಸಂತೋಷವೂ ಹೆಚ್ಚಾಗಿದ್ದವು.

ಮೊದಲನೆಯ ಅಧ್ಯಯನವನ್ನು ಹಿಡಿದುಕೊಂಡು, ಹೇಳಿದರೆ ಹಾನಿಯೇನು, ಉಪಕಾರವೇ ಆಯಿತಲ್ಲ ಎನ್ನುವ ವಾಚಾಳಿಗಳು ಇದ್ದಾರೆ. ಅವರ ವಾದ ನಿಲ್ಲುವುದಿಲ್ಲ. ನೆರೆಯವನ ಕಣಜದ ಭತ್ತವನ್ನು ಹೇಳದೆ ಕೇಳದೆ ಒಯ್ದು ಮಾರಿ, ಅವನು ಮಾರುತ್ತಿದ್ದುದಕ್ಕಿಂತ ಹೆಚ್ಚಿನ ಬೆಲೆಯನ್ನೇ ಅವನ ಕೈಗೆ ಇಟ್ಟರೂ ಅದು ಅದತ್ತಾದಾನವೇ. ಕೊಡದೆ ತೆಗೆದುಕೊಂಡದ್ದು ಅವನ ನಿರ್ಧಾರ. ಕೊನೆಯನ್ನು ಮುಂಚೆ ಓದಬೇಕೆನ್ನುವವನು ಪುಸ್ತಕದ ಕಡೆಯ ಪುಟವನ್ನು ತಾನೇ ತಿರುವಿಕೊಳ್ಳಬಲ್ಲನು. ಹಾಗೆ ಓದುವವರು ಅನೇಕರಿದ್ದಾರೆ, ಅವರಲ್ಲಿ ದೋಷವಿಲ್ಲ.

ಮೌನದ ಬೇಡಿಕೆಗೂ ಒಂದು ಮೇರೆಯಿರಬೇಕು. 2010ರಲ್ಲಿ 'ಮೌಸ್‌ಟ್ರ್ಯಾಪ್'ನ ಕೊಲೆಗಾರನ ಹೆಸರನ್ನು ವಿಕಿಪೀಡಿಯ ವಿಶ್ವಕೋಶವು ಪ್ರಕಟಿಸಿರುವುದಕ್ಕೆ ಕ್ರಿಸ್ಟಿಯ ಮೊಮ್ಮಗ ಮ್ಯಾಥ್ಯೂ ಪ್ರಿಚರ್ಡ್ ಬೇಸರ ವ್ಯಕ್ತಪಡಿಸಿದರು. ಆ ನಾಟಕದ ಗೌರವಧನದ ಹಕ್ಕನ್ನು ಅಜ್ಜಿಯು ಬಾಲ್ಯದಲ್ಲಿಯೇ ಅವರ ಹೆಸರಿಗೆ ಮಾಡಿದ್ದಳೆಂಬುದನ್ನೂ ಜೊತೆಗೆ ನೆನೆಯಬೇಕು. ವಿಶ್ವಕೋಶವು ಆ ಭಾಗವನ್ನು ಉಳಿಸಿಕೊಂಡಿತು. ಹುಡುಕಿಕೊಂಡು ಬಂದವನಿಗೆ ತಿಳಿಸುವುದು ಕೋಶದ ಧರ್ಮ, ದಾರಿಯಲ್ಲಿ ಹೋಗುವವನ ಕಿವಿಯಲ್ಲಿ ಕೂಗುವುದು ಬೇರೆ. ವಿಮರ್ಶಕನ ಸ್ಥಿತಿಯೂ ಹೀಗೆಯೇ. ಒಂದು ಧಾರಾವಾಹಿಯು ನೂರು ಕಂತು ನೀತಿಯ ಮಾತಾಡಿ ಕೊನೆಯ ಕಂತಿನಲ್ಲಿ ಮೋಸಗಾರನನ್ನೇ ಮೆರೆಸಿದರೆ, ಆ ಕೊನೆಯನ್ನು ಹೇಳದೆ ಅದನ್ನು ಖಂಡಿಸುವುದು ಹೇಗೆ? ಅಂಥಲ್ಲಿ ಎಚ್ಚರಿಕೆಯೊಂದನ್ನು ಕೊಟ್ಟು ಹೇಳಲೇಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಮುಂಚಿತವಾಗಿ ಹೇಳುವುದೇ ದಯೆಯಾಗುವ ಸಂದರ್ಭಗಳಿವೆ. ಜೈನರ ಮನೆಗಳಲ್ಲಿ ಇದು ನಿತ್ಯದ ಅನುಭವ. ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ಚಿತ್ರ ಹಾಕುವ ಮೊದಲು ಮನೆಯ ಹೆಂಗಸರು ನೋಡಿದವರನ್ನು ವಿಚಾರಿಸುತ್ತಾರೆ: ಬೇಟೆಯ ದೃಶ್ಯವಿದೆಯೇ, ಪ್ರಾಣಿಯನ್ನು ಕೊಲ್ಲುವುದನ್ನು ತೋರಿಸಿದ್ದಾರೆಯೇ, ದಶಲಕ್ಷಣ ಪರ್ವದ ದಿನಗಳಲ್ಲಿ ನೋಡುವಂಥದೇ? ಇತ್ತೀಚೆಗೆ ಮಗುವನ್ನು ಕಳೆದುಕೊಂಡ ತಾಯಿ ಕುಳಿತಿರುವಾಗ, ಇದರಲ್ಲಿ ಮಗುವಿನ ಮರಣವಿದೆ ಎಂದು ತಿಳಿಸದೆ ಗುಟ್ಟನ್ನು ಕಾಪಾಡುವವನನ್ನು ವಾಕ್ಸಂಯಮಿಯೆಂದು ಕರೆಯಲಾದೀತೆ? ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ ಪರರಿಗೆ ವಿಪತ್ತು ತರುವ ನಿಜವನ್ನೂ ಬಿಡಿಸುತ್ತಾರೆ. ಅದೇ ಅಳತೆಗೋಲಿನಿಂದ ವಿಪತ್ತು ತರುವ ಮೌನವನ್ನೂ ಅಳೆಯಬಹುದು. ಭಾರತ ಸರಕಾರವು 2021ರ ಫೆಬ್ರವರಿ 25ರಂದು ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರ್ಜಾಲದ ಮೂಲಕ ಬರುವ ಚಿತ್ರ, ಧಾರಾವಾಹಿಗಳಿಗೆ 7, 13, 16 ವರ್ಷಗಳಿಗೆ ಮೇಲ್ಪಟ್ಟವರಿಗೆ ಮತ್ತು ವಯಸ್ಕರಿಗೆ ಎಂಬ ದರ್ಜೆಗಳನ್ನು ವಿಧಿಸಿ, ಹಿಂಸೆ, ಮಾದಕವಸ್ತು ಮುಂತಾದವು ಇದ್ದರೆ ಆರಂಭದಲ್ಲಿಯೇ ಸೂಚಿಸಬೇಕೆಂದು ಹೇಳಿದವು. ಯಾರು ಸಾಯುವರೆಂದು ಹೇಳದೆ ಸಾವಿದೆಯೆಂದು ಹೇಳುವ ವಿಧಾನ ಇದು.

ಕಾಲದ ಅಂತರ ಈಗ ಹಿಂದೆಂದಿಗಿಂತಲೂ ತೊಡಕಾಗಿದೆ. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ಸಂಸ್ಥೆ 'ಹೌಸ್ ಆಫ್ ಕಾರ್ಡ್ಸ್' ಧಾರಾವಾಹಿಯ 13 ಕಂತುಗಳನ್ನೂ ಒಂದೇ ದಿನ ಬಿಟ್ಟಿತು. ಅಂದಿನಿಂದ ಒಂದೇ ಮನೆಯ ನಾಲ್ವರು ನಾಲ್ಕು ಕಂತುಗಳಲ್ಲಿರಬಹುದು. ಎಷ್ಟು ದಿನ ಸುಮ್ಮನಿರಬೇಕೆಂಬುದಕ್ಕೆ ಒಪ್ಪಿತವಾದ ಅವಧಿ ಯಾವುದೂ ಇಲ್ಲ. ವಾರವೆನ್ನುವವರಿದ್ದಾರೆ, ತಿಂಗಳೆನ್ನುವವರಿದ್ದಾರೆ. ಸೇಂಟ್ ಮಾರ್ಟಿನ್ಸ್ ಮಂದಿರದವರನ್ನು ಕೇಳಿದರೆ 70 ವರ್ಷವೂ ಸಾಲದೆಂದಾರು. ಅವಧಿಯನ್ನು ಎಣಿಸುವುದಕ್ಕಿಂತ ಎದುರಿಗಿರುವವನನ್ನು, ನೋಡಿದ್ದೀಯಾ ಎಂದು ಒಂದು ಮಾತು ಕೇಳುವುದು ಸುಲಭ.

ಕೇಳಿ ತಿಳಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ಕೊನೆಯವರೆಗೂ ತಪ್ಪದೆ ನೋಡು ಎಂದರೆ ಕೊನೆಯಲ್ಲಿ ಏನೋ ತಿರುವಿದೆಯೆಂದು ಹೇಳಿದಂತಾಯಿತು. ಆ ಪಾತ್ರದ ಮಾತೆತ್ತಿದಾಗ ತುಟಿಯಂಚಿನಲ್ಲಿ ನಕ್ಕರೆ ಅರ್ಧ ಕಥೆ ಹೊರಬಿತ್ತು. ಬಾಯಿ ಮುಚ್ಚಿದ್ದರೂ ಮುಖವು ಮಾತಾಡುತ್ತದೆಂಬುದನ್ನು ಸಾಕಾರವೆಂಬ ಪದವನ್ನಿಟ್ಟ ಆಚಾರ್ಯರು ಬಲ್ಲವರಾಗಿದ್ದರು. ಕರ್ನಾಟಕದಲ್ಲಿ ರಾತ್ರಿ ಎಂಟೂವರೆಗೆ ಪ್ರಸಾರವಾಗುವ ಧಾರಾವಾಹಿ ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಬೆಳಗಿನ ಹತ್ತು, ಹನ್ನೊಂದು ಗಂಟೆ. ಅವಳಿಗೆ ನೋಡಲು ಬಿಡುವಾಗುವುದು ತನ್ನ ರಾತ್ರಿಗೆ. ಆ ಹತ್ತು ಗಂಟೆಗಳ ನಡುವೆ ತಾಯಿಯ ದೂರವಾಣಿ ಕರೆ ಬರುತ್ತದೆ, ಈಗ ಮುಖವೂ ಕಾಣುವಂಥ ಕರೆ. "ಅಮ್ಮ, ಇವತ್ತಿನದು ಇನ್ನೂ ನೋಡಿಲ್ಲ" ಎನ್ನುತ್ತಾಳೆ ಮಗಳು. "ಆಗಲಿ ಕಣೇ, ನೋಡಿದ ಮೇಲೆ ನೀನೇ ಫೋನ್ ಮಾಡು" ಎಂದು ಹೇಳಿ ತಾಯಿ ಬಸದಿಯ ಪೂಜೆಯ ಸುದ್ದಿಗೆ ಹೊರಳುತ್ತಾಳೆ, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು.